ಮೋಟಾರ್‌ಸೈಕಲ್ ಟಯರಿನ ಆಯ್ಕೆ: ಕೋಡಿಂಬಾಳ–ಕಡಬ ಸೀಮೆ

ಮೋಟಾರ್‌ಸೈಕಲ್ ಟಯರ್ ಎಂದರೆ ವಾಹನದ ಭಾರವನ್ನು ಹೊತ್ತು, ಎಂಜಿನಿನ ಎಳೆತವನ್ನೂ ಬ್ರೇಕಿನ ತಡೆಯನ್ನೂ ನೆಲಕ್ಕೆ ಮುಟ್ಟಿಸುವ, ಗಾಳಿ ತುಂಬಿದ ರಬ್ಬರಿನ ಹೊರಕವಚ. ಕಾರಿನ ಟಯರು ರಸ್ತೆಯ ಮೇಲೆ ಚಪ್ಪಟೆಯಾಗಿ ಕೂರುತ್ತದೆ. ಬೈಕಿನದು ದುಂಡು ಬೆನ್ನಿನದು, ಏಕೆಂದರೆ ತಿರುವಿನಲ್ಲಿ ವಾಲಿದಾಗ ಅದರ ಪಕ್ಕವೂ ನೆಲ ಹಿಡಿಯಬೇಕು. ಯಾವ ಗಳಿಗೆಯಲ್ಲಿಯೂ ಒಂದೊಂದು ಚಕ್ರ ನೆಲಕ್ಕೆ ತಾಗುವ ಜಾಗ ಒಂದು ಅಂಗೈಗಿಂತ ಹೆಚ್ಚಿರುವುದಿಲ್ಲ. ಸವಾರನ ಸುರಕ್ಷೆಯೆಲ್ಲ ಅಷ್ಟು ಜಾಗದ ಮೇಲೆ ನಿಂತಿರುವುದರಿಂದ, ಅಲ್ಲಿ ಯಾವ ರಬ್ಬರು, ಯಾವ ಗೆರೆ, ಎಷ್ಟು ಗಾಳಿ ಇರಬೇಕೆಂಬುದನ್ನು ಆಯಾ ಊರಿನ ನೆಲ ಮತ್ತು ಹವೆಯನ್ನು ನೋಡಿ ತೀರ್ಮಾನಿಸಬೇಕಾಗುತ್ತದೆ.

ಕೋಡಿಂಬಾಳ ದಕ್ಷಿಣ ಕನ್ನಡ ಜಿಲ್ಲೆಯ ಕಡಬ ತಾಲ್ಲೂಕಿನ ಗ್ರಾಮ. ಕಡಬ ಬೇರೆ ತಾಲ್ಲೂಕಾಗುವ ಮೊದಲು ಇದು ಪುತ್ತೂರಿಗೆ ಸೇರಿತ್ತು. ಕಡಬದಿಂದ ಪಂಜಕ್ಕೆ ಹೋಗುವ ರಸ್ತೆ ಇದರ ಮೂಲಕ ಹಾಯುತ್ತದೆ. ಮಂಗಳೂರು–ಹಾಸನ ರೈಲುಮಾರ್ಗದಲ್ಲಿ ಎಡಮಂಗಲ ಮತ್ತು ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣಗಳ ನಡುವೆ ಇದರ ಹೆಸರಿನ ಸಣ್ಣ ನಿಲ್ದಾಣವಿದೆ. ಅಡಿಕೆ, ರಬ್ಬರು, ತೆಂಗು, ಕೊಕ್ಕೊ ಇಲ್ಲಿನ ಬೆಳೆಗಳು. ತೋಟಕ್ಕೊಂದು ಮನೆ ಎಂಬಂಥ ಊರಾದ್ದರಿಂದ ಅಂಗಳದಿಂದ ಹೊರಟ ಬೈಕು ಮೊದಲು ಮಣ್ಣಿನ ದಾರಿ, ಆಮೇಲೆ ಪಂಚಾಯತಿನ ಕಾಂಕ್ರೀಟ್ ರಸ್ತೆ, ಆಮೇಲೆ ಡಾಮರು, ಊರು ಬಿಟ್ಟು ಘಾಟಿ ಹತ್ತುವುದಾದರೆ ಮತ್ತೆ ಕಾಂಕ್ರೀಟು, ಹೀಗೆ ಒಂದೇ ಓಡಾಟದಲ್ಲಿ ಮೂರು ನಾಲ್ಕು ಬಗೆಯ ನೆಲವನ್ನು ದಾಟುತ್ತದೆ. ಟಯರಿನ ಅಂಗಡಿಯಲ್ಲಿ ಎಲ್ಲರೂ ಮೊದಲು ಕೇಳುವುದು ‘ಎಷ್ಟು ಬಾಳಿಕೆ ಬರ್ತದೆ?’ ಎಂದು. ಒಣ ಸೀಮೆಯಲ್ಲಿ ಅದು ಸರಿಯಾದ ಪ್ರಶ್ನೆಯೇ. ವರ್ಷದ ಐದು ತಿಂಗಳು ನೆಲ ಒದ್ದೆಯಿರುವ ಈ ಸೀಮೆಯಲ್ಲಿ ನೀರಿನ ಮೇಲೆ ಅದು ಹೇಗೆ ಹಿಡಿಯುತ್ತದೆ ಎಂಬುದು ಮೊದಲು ಬರಬೇಕು. ಬಾಳಿಕೆಯ ಮಾತು ಆಮೇಲಿನದು.

ಮಳೆ ಮತ್ತು ನೆಲ

ಜಿಲ್ಲೆಯ ವಾರ್ಷಿಕ ಮಳೆ ಸರಾಸರಿ 4000 ಮಿ.ಮೀ. ಆಸುಪಾಸು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿಯುತ್ತದೆ. ಪಶ್ಚಿಮಘಟ್ಟದ ಬುಡದ ಸುಬ್ರಹ್ಮಣ್ಯ, ಶಿರಾಡಿ ಕಡೆಗೆ ಹೋದಷ್ಟೂ ಜಾಸ್ತಿ. ಕುಮಾರಧಾರೆ ಮತ್ತು ಗುಂಡ್ಯ ಹೊಳೆಗಳು ತುಂಬಿದರೆ ದಾರಿಯೇ ಕಡಿಯುತ್ತಿದ್ದ ಕಾಲವೂ ಇತ್ತು. ಕಡಬ–ಉಪ್ಪಿನಂಗಡಿ ದಾರಿಯ ಹೊಸಮಠದ ಮುಳುಗು ಸೇತುವೆಯನ್ನು ಆ ಕಾಲದವರು ಮರೆತಿರಲಾರರು. ಎತ್ತರದ ಸೇತುವೆ ಬಂದ ಮೇಲೆ ಆ ತೊಂದರೆ ನೀಗಿತು.

ಮಳೆಯಲ್ಲಿ ಬೈಕು ಜಾರುವುದಕ್ಕೆ ನಿಂತ ನೀರು ಕಾರಣವೆಂಬ ನಂಬಿಕೆ ಬಲವಾಗಿದೆ. ಟಯರು ನೀರಿನ ಪದರದ ಮೇಲೆ ತೇಲಿ ಹಿಡಿತ ತಪ್ಪುವುದು ನಿಜವಾದ ಅಪಾಯ. ಆದರೆ ಅದು ಹೆಚ್ಚಾಗಿ ಹೆದ್ದಾರಿಯ ವೇಗದಲ್ಲಿ, ಅಗಲವಾದ ಚಪ್ಪಟೆ ಟಯರಿಗೆ ಒದಗುವಂಥದು. ಬೈಕಿನ ಕಿರಿದಾದ ದುಂಡು ಟಯರು ನೀರನ್ನು ಇಬ್ಬದಿಗೂ ಸೀಳಿಕೊಂಡು ಹೋಗುತ್ತದೆ. ತಿರುವು ಮುರುವಿನ ಈ ರಸ್ತೆಗಳಲ್ಲಿ ಗಂಟೆಗೆ 40–50 ಕಿ.ಮೀ. ವೇಗದಲ್ಲಿ ತೇಲುವ ಸಂಭವ ಕಡಿಮೆ. ಇಲ್ಲಿ ಬೀಳಿಸುವುದು ತೆಳ್ಳಗಿನ ಪದರಗಳು. ಬೇಸಗೆಯಲ್ಲಿ ಸೋರಿದ ಎಣ್ಣೆ ಮತ್ತು ಧೂಳು ಮೊದಲ ಮಳೆಗೆ ಎದ್ದು ಲೋಳೆಯಾಗುತ್ತದೆ. ಮರದ ನೆರಳಿನ ಕಾಂಕ್ರೀಟಿನ ಮೇಲೆ ಜುಲೈ ಹೊತ್ತಿಗೆ ಪಾಚಿ ಕಟ್ಟುತ್ತದೆ. ಗುಡ್ಡ ಕಡಿದಲ್ಲಿಂದ ಕೆಂಪು ಮಣ್ಣು ಹರಿದು ಬಂದು ಡಾಮರಿನ ಮೇಲೆ ಹರಡುತ್ತದೆ. ರೈಲು ಹಳಿಯ ಉಕ್ಕು, ರಸ್ತೆಗೆ ಬಳಿದ ಬಿಳಿ ಪಟ್ಟೆ ಇವೂ ಒದ್ದೆಯಾದರೆ ಹಿಡಿತ ಕೊಡುವುದಿಲ್ಲ. ರಬ್ಬರ್ ತೋಟಗಳ ನಡುವಿನ ದಾರಿಗೆ ಇನ್ನೊಂದು ಕಾಟವಿದೆ: ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಜೀವಿ ತರುವ ಎಲೆ ಉದುರುವ ರೋಗ. ಮಳೆಗಾಲಕ್ಕೆ ಮೊದಲು ತಾಮ್ರದ ಔಷಧ ಹೊಡೆಯದ ತೋಟದಲ್ಲಿ ಜೂನ್–ಆಗಸ್ಟ್ ನಡುವೆ ಹಸಿ ಎಲೆ ರಾಶಿಯಾಗಿ ಬೀಳುತ್ತದೆ. ಒದ್ದೆ ಎಲೆಯ ಮೇಲೆ ಮುಂಬ್ರೇಕು ಒತ್ತಿದರೆ ಯಾವ ಕಂಪನಿಯ ಟಯರೂ ಕಾಪಾಡದು.

ಇದರಿಂದ ಹೊರಡುವ ತೀರ್ಮಾನ ಸರಳ. ಪಾಚಿಗೆ ಟಯರಿನಲ್ಲಿ ಔಷಧವಿಲ್ಲ, ವೇಗ ಇಳಿಸುವುದೊಂದೇ ದಾರಿ. ಉಳಿದ ಒದ್ದೆ ನೆಲದಲ್ಲಿ ಫಲ ಕೊಡುವುದು ಮೆತ್ತಗಿನ ಹೊಸ ರಬ್ಬರು, ತೆರೆದ ಗೆರೆಗಳು ಮತ್ತು ಸರಿಯಾದ ಗಾಳಿ.

ರಬ್ಬರು

ಮರದ ಹಾಲಿನಿಂದ ಬಂದ ರಬ್ಬರು ಬೇಸಗೆಯಲ್ಲಿ ಅಂಟಾಗಿ ಚಳಿಯಲ್ಲಿ ಒಡೆಯುತ್ತಿತ್ತು. ಗಂಧಕ ಬೆರೆಸಿ ಕಾಯಿಸಿದರೆ ಅದು ಗಟ್ಟಿಯಾಗಿಯೂ ಬಾಗುವಂತೆಯೂ ಉಳಿಯುತ್ತದೆಂದು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ. ಗಾಳಿ ತುಂಬಿದ ಟಯರಿಗೆ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1840ರ ದಶಕದಲ್ಲೇ ಪೇಟೆಂಟ್ ಪಡೆದಿದ್ದರೂ, ಅದು ಬಳಕೆಗೆ ಬಂದದ್ದು 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗೆ ಮಾಡಿಕೊಟ್ಟ ಮೇಲೆ. ಭಾರತದಲ್ಲಿ ಡನ್‌ಲಪ್ ಕಂಪನಿ ಬಂಗಾಳದ ಸಹಾಗಂಜ್‌ನಲ್ಲಿ 1936ರಲ್ಲಿ ಕಾರ್ಖಾನೆ ತೆರೆಯಿತು. ಮದ್ರಾಸಿನಲ್ಲಿ 1946ರಲ್ಲಿ ಬಲೂನು ಮಾಡುವ ಕೊಟ್ಟಿಗೆಯಾಗಿ ಆರಂಭವಾದದ್ದು ಎಂಆರ್‌ಎಫ್. ಮಧುರೆಯ ಟಿವಿಎಸ್ ಶ್ರೀಚಕ್ರ, ಇಟಲಿ ಮೂಲದ ಸಿಯೆಟ್ ಆಮೇಲೆ ಈ ಕ್ಷೇತ್ರದಲ್ಲಿ ಹೆಸರಾದವು. ಕರ್ನಾಟಕದ ಪಾಲು ಮೈಸೂರಿನದು. 1997ರಲ್ಲಿ ಜೆಕೆ ಟಯರ್ ವಶಕ್ಕೆ ಹೋದ ವಿಕ್ರಾಂತ್ ಟಯರ್ಸ್ ಅಲ್ಲಿತ್ತು. ದ್ವಿಚಕ್ರ ಟಯರುಗಳನ್ನು ಮಾಡುತ್ತಿದ್ದ ಫಾಲ್ಕನ್ ಟಯರ್ಸ್ ಕೂಡ ಅಲ್ಲಿಯದೇ, ಅದು ಈಗ ಇಲ್ಲ.

ಕಡಬ ಸೀಮೆಗೆ ಈ ಚರಿತ್ರೆಯಲ್ಲಿ ಬಳಕೆದಾರನ ಸ್ಥಾನವಷ್ಟೇ ಇಲ್ಲ. ಕೇರಳದಿಂದ ಬಂದು ನೆಲೆಸಿದ ಕೃಷಿಕರು ಇಲ್ಲಿ ರಬ್ಬರ್ ಕೃಷಿಯನ್ನು ಬೆಳೆಸಿದರು. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದಂತೆ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳಿಗೆ ಕೆಲಸ ಕೊಡಲು ಸುಳ್ಯ, ಪುತ್ತೂರು ಭಾಗದಲ್ಲಿ ಸರ್ಕಾರಿ ರಬ್ಬರ್ ತೋಟಗಳೆದ್ದವು. ಅವು ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ಆಡಳಿತದಲ್ಲಿವೆ. ಕೊಟ್ಟಾಯಂನ ಭಾರತೀಯ ರಬ್ಬರ್ ಸಂಶೋಧನಾ ಸಂಸ್ಥೆಯ ತಳಿ ಅಭಿವೃದ್ಧಿ ಉಪಕೇಂದ್ರವೂ ಕಡಬದ ನೆಟ್ಟಣದಲ್ಲಿದೆ. ದೇಶದಲ್ಲಿ ಖರ್ಚಾಗುವ ಸಹಜ ರಬ್ಬರಿನ ಬಹುಪಾಲು ಟಯರ್ ಕಾರ್ಖಾನೆಗಳಿಗೇ ಹೋಗುವುದರಿಂದ, ಹೊಗೆಗೂಡಿನಲ್ಲಿ ಒಣಗಿಸಿದ ಶೀಟುಗಳನ್ನು ಬೈಕಿನ ಹಿಂದೆ ಕಟ್ಟಿಕೊಂಡು ಕಡಬ ಪೇಟೆಗೆ ಹೋಗುವವನು ತನ್ನ ಮುಂದಿನ ಟಯರಿನ ಕಚ್ಚಾ ಸಾಮಗ್ರಿಯನ್ನೇ ಮಾರಲು ಹೊರಟಿರಬಹುದು.

ಟಯರು ಬರೀ ಸಹಜ ರಬ್ಬರಲ್ಲ. ಹರಿಯದ ಗುಣ, ಒಳಗೆ ಹೆಚ್ಚು ಬಿಸಿಯೇರದ ಗುಣ ಸಹಜ ರಬ್ಬರಿನಿಂದ ಬರುತ್ತವೆ. ನೆಲ ಹಿಡಿಯುವ ಮೇಲ್ಪದರಕ್ಕೆ ಪೆಟ್ರೋಲಿಯಂ ಮೂಲದ ಕೃತಕ ರಬ್ಬರನ್ನು ಸೇರಿಸುತ್ತಾರೆ. ಕಾರ್ಬನ್ ಕಪ್ಪು ಸವಕಳಿಯನ್ನು ತಡೆದು ಟಯರಿಗೆ ಬಣ್ಣವನ್ನೂ ಕೊಡುತ್ತದೆ. ಸಿಲಿಕಾ ಬೆರೆಸಿದರೆ ಒದ್ದೆ ನೆಲದ ಮೇಲಿನ ಹಿಡಿತ ಸುಧಾರಿಸುತ್ತದೆ. ಒಳಗಿನ ಹಂದರ ನೈಲಾನ್ ನೂಲಿನದು. ನೂಲಿನ ಪದರಗಳು ಓರೆಯಾಗಿ ಒಂದನ್ನೊಂದು ಹಾಯ್ದಿದ್ದರೆ ಅದು ಬಯಾಸ್ ಟಯರು. ಅಡ್ಡಡ್ಡ ಹೋಗಿ ಮೇಲೊಂದು ಪಟ್ಟಿ ಸುತ್ತಿಕೊಂಡಿದ್ದರೆ ರೇಡಿಯಲ್. ಈ ಸೀಮೆಯಲ್ಲಿ ಓಡುವ 100ರಿಂದ 160 ಸಿಸಿಯ ಬೈಕುಗಳಲ್ಲಿ ಹೆಚ್ಚಿನವಕ್ಕೆ ಬಯಾಸ್ ಟಯರೇ ಇರುತ್ತದೆ, ಅವುಗಳ ವೇಗ ಮತ್ತು ಹೊರೆಗೆ ಅದು ಸಾಕು. ರೇಡಿಯಲ್ ಹಾಕಿದರೆ ಮೇಲು ಎಂಬುದು ದೊಡ್ಡ ಬೈಕಿನ ಮಾತು.

ಗಟ್ಟಿ ರಬ್ಬರು ನಿಧಾನ ಸವೆಯುತ್ತದೆ, ಕಡಿಮೆ ಹಿಡಿಯುತ್ತದೆ. ಮೆತ್ತಗಿನದು ಚೆನ್ನಾಗಿ ಹಿಡಿದು ಬೇಗ ಸವೆಯುತ್ತದೆ. ಎರಡನ್ನೂ ಪೂರ್ತಿಯಾಗಿ ಕೊಡುತ್ತೇನೆಂಬ ಜಾಹೀರಾತನ್ನು ನಂಬಬೇಕಾಗಿಲ್ಲ. ಹಿಂದಿನ ಚಕ್ರಕ್ಕೆ ಬಾಳಿಕೆಯ ಟಯರು ಹಾಕಿಕೊಂಡರೂ ಮುಂದಿನದಕ್ಕೆ ಹಿಡಿತವನ್ನೇ ನೋಡುವುದು ಬುದ್ಧಿವಂತಿಕೆ. ಬ್ರೇಕು ಹಾಕಿದಾಗ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ವಾಹನವನ್ನು ನಿಲ್ಲಿಸುವ ಹೆಚ್ಚಿನ ಕೆಲಸ ಮುಂದಿನ ಟಯರಿನದು. ಅದು ಜಾರಿದರೆ ಸರಿಪಡಿಸಿಕೊಳ್ಳಲು ಸವಾರನಿಗೆ ಸಮಯವೇ ಇರುವುದಿಲ್ಲ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಗಿದೆ. ಅದು ಚಕ್ರ ಕಚ್ಚಿ ನಿಲ್ಲದಂತೆ ನೋಡಿಕೊಳ್ಳುತ್ತದೆಯೇ ಹೊರತು ಟಯರಿನಲ್ಲಿ ಇಲ್ಲದ ಹಿಡಿತವನ್ನು ತಂದುಕೊಡುವುದಿಲ್ಲ.

ಪಕ್ಕದ ಬರಹ

ಟಯರಿನ ಪಕ್ಕದಲ್ಲಿ ಉಬ್ಬಾಗಿ ಅಚ್ಚಾಗಿರುವ ಅಂಕಿಗಳನ್ನು ಓದಲು ಬಂದರೆ ಅಂಗಡಿಯವನ ಅರ್ಧ ಮಾತು ಬೇಕಾಗುವುದಿಲ್ಲ. 100/90-17 55P ಎಂದಿದ್ದರೆ ಅಗಲ 100 ಮಿ.ಮೀ., ಎತ್ತರ ಅಗಲದ ನೂರಕ್ಕೆ 90, ರಿಮ್ಮಿನ ವ್ಯಾಸ 17 ಇಂಚು. 55 ಎಂಬುದು ಹೊರೆಯ ಸಂಕೇತ, 218 ಕಿಲೋ. P ಎಂದರೆ ಗಂಟೆಗೆ 150 ಕಿ.ಮೀ. ತನಕದ ವೇಗ. ಹಳೆಯ ಬೈಕುಗಳಲ್ಲಿ ಇಂಚಿನ ಲೆಕ್ಕವಿರುತ್ತದೆ: ಸ್ಪ್ಲೆಂಡರಿನ 2.75-18, ಬುಲೆಟ್ಟಿನ 3.25-19. ಸ್ಪ್ಲೆಂಡರಿನಲ್ಲಿ ಅದರ ಜಾಗಕ್ಕೆ ಈಗ 80/100-18 ಬಂದಿದೆ.

ಹೊರೆಯ ಸಂಕೇತವನ್ನು ಯಾರೂ ನೋಡುವುದಿಲ್ಲ, ಹಳ್ಳಿಯಲ್ಲಿ ಅದನ್ನೇ ಮೊದಲು ನೋಡಬೇಕು. ಸ್ಪ್ಲೆಂಡರಿನ ಹಿಂದಿನ ಟಯರಿನ 54 ಎಂಬ ಸಂಕೇತಕ್ಕೆ 212 ಕಿಲೋ. 112 ಕಿಲೋದಷ್ಟು ತೂಗುವ ಬೈಕಿನ ಅರ್ಧಕ್ಕಿಂತ ತುಸು ಹೆಚ್ಚು, ಅಂದರೆ 60 ಕಿಲೋ, ಹಿಂಚಕ್ರದ ಮೇಲಿದೆ ಎನ್ನೋಣ. 70 ಕಿಲೋದ ಸವಾರನ ಭಾರದಲ್ಲಿ 45 ಕಿಲೋ ಹಿಂದಕ್ಕೆ ಬೀಳುತ್ತದೆ, ಹಿಂದೆ ಕೂತವರದು ಹೆಚ್ಚುಕಡಿಮೆ ಪೂರ್ತಿ 70. ಅಲ್ಲಿಗೆ 175. ಹಿಂದಿನ ಕ್ಯಾರಿಯರಿನ ಮೇಲೆ 50 ಕಿಲೋದ ಪಶು ಆಹಾರದ ಗೋಣಿಯೊಂದನ್ನು ಹೇರಿದರೆ 225 ಆಯಿತು, ಮಿತಿ ದಾಟಿತು. ಇದು ಸ್ಥೂಲ ಲೆಕ್ಕ. ಆದರೂ ಡೇರಿಗೆ, ಸೊಸೈಟಿಗೆ ದಿನವೂ ಹೊರೆ ಸಾಗಿಸುವವರ ಹಿಂದಿನ ಟಯರು ಯಾಕೆ ಬೇಗ ನಡುವೆ ಚಪ್ಪಟೆಯಾಗುತ್ತದೆ, ಪಕ್ಕ ಯಾಕೆ ಬಿರಿಯುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಇಂಥವರು ಅದೇ ಅಳತೆಯಲ್ಲಿ ಹೊರೆಯ ಸಂಕೇತ ಹೆಚ್ಚಿರುವ ಟಯರನ್ನು ಕೇಳಿ ಪಡೆಯಬೇಕು. ಹಾಗೆ ಮಾಡಿದರೂ ಬೈಕಿನ ಕಂಪನಿ ಹೇಳಿದ ಒಟ್ಟು ಹೊರೆಯ ಮಿತಿ ಏರುವುದಿಲ್ಲವೆಂಬುದು ನೆನಪಿರಲಿ.

ಕಾಲೇಜು ಹುಡುಗರು ಬಯಸುವುದು ದಪ್ಪ ಟಯರು. 100/90-17ರ ಜಾಗಕ್ಕೆ 110/90-17 ಹಾಕಿದರೆ ಹೊರ ವ್ಯಾಸ 18 ಮಿ.ಮೀ., ಸುಮಾರು ನೂರಕ್ಕೆ ಮೂರರಷ್ಟು ಹೆಚ್ಚುತ್ತದೆ. ಗೇರಿನ ಎಳೆತ ಅಷ್ಟರಮಟ್ಟಿಗೆ ಕುಗ್ಗುತ್ತದೆ, ಮೈಲೇಜು ತಗ್ಗುತ್ತದೆ, ತಿರುಗಿಸುವುದು ಭಾರವಾಗುತ್ತದೆ. ಸಪೂರ ರಿಮ್ಮಿಗೆ ಅಗಲದ ಟಯರು ಹಾಕಿದಾಗ ಅದರ ಅಂಚುಗಳು ಒಳಕ್ಕೆ ಹಿಸುಕಿಕೊಂಡು ಬೆನ್ನು ಇನ್ನಷ್ಟು ಚೂಪಾಗುತ್ತದೆ. ನೋಡಲು ದಪ್ಪ, ನೆಲಕ್ಕೆ ತಾಗುವುದು ಕೆಲವೊಮ್ಮೆ ಮೊದಲಿಗಿಂತ ಕಡಿಮೆ. ಮಣ್ಣಿನ ದಾರಿಯಲ್ಲಿ ಕೆಸರು ಮಡ್‌ಗಾರ್ಡಿಗೂ ಟಯರಿಗೂ ನಡುವೆ ತುಂಬಿ ಚಕ್ರ ಹಿಡಿದುಕೊಳ್ಳುವುದು ಇಲ್ಲಿನ ಹೆಚ್ಚಿನ ಶಿಕ್ಷೆ. ಕಂಪನಿ ಕೊಟ್ಟ ಅಳತೆಗೆ ಅಂಟಿಕೊಳ್ಳುವುದರಲ್ಲಿ ನಷ್ಟವಿಲ್ಲ.

ಪಕ್ಕದಲ್ಲಿ ಇನ್ನೂ ಎರಡು ಗುರುತುಗಳಿರುತ್ತವೆ. ಒಂದು ಐಎಸ್‌ಐ ಮುದ್ರೆ. ದ್ವಿಚಕ್ರ ಟಯರುಗಳಿಗೆ ಅನ್ವಯಿಸುವ ಮಾನಕ ಐಎಸ್ 15627. ಇನ್ನೊಂದು ತಯಾರಾದ ದಿನ ಹೇಳುವ ನಾಲ್ಕು ಅಂಕಿ. 2324 ಎಂದಿದ್ದರೆ 2024ರ 23ನೇ ವಾರ. ಕಡಿಮೆ ಬೆಲೆಗೆ ಸಿಕ್ಕ ‘ಹೊಸ’ ಟಯರು ಮೂರು ವರ್ಷ ಗೋದಾಮಿನಲ್ಲಿ ಕೂತದ್ದೂ ಇರಬಹುದು. ರಬ್ಬರು ಓಡದೆ ಇದ್ದರೂ ಮುದಿಯಾಗುತ್ತದೆ, ಗಟ್ಟಿಯಾಗುತ್ತದೆ. ಪಕ್ಕದಲ್ಲಿ ಬಾಣದ ಗುರುತಿದ್ದರೆ ಅದು ಚಕ್ರ ತಿರುಗುವ ದಿಕ್ಕು. ಪಂಕ್ಚರ್ ಹಾಕಿಸಿ ಬಂದ ಮೇಲೆ ಅದು ತಿರುವುಮುರುವಾಗಿದೆಯೇ ಎಂದು ನೋಡುವುದು ಒಳ್ಳೆಯ ಅಭ್ಯಾಸ.

ಗೆರೆ ಮತ್ತು ಬಟನ್

ಮೇಲ್ಮೈಯ ಅಚ್ಚುಗಳಲ್ಲಿ ಈ ಕಡೆ ಮೂರು ಬಗೆ ಕಾಣುತ್ತವೆ. ಹಳೆಯ ಕಾಲದ ಮುಂದಿನ ಟಯರುಗಳಲ್ಲಿ ಉದ್ದುದ್ದ ಗೆರೆ. ಅವು ನೇರ ದಾರಿಯಲ್ಲಿ ಬೈಕನ್ನು ಹಿಡಿದಿಡುತ್ತವೆ, ಕೆಸರಿನಲ್ಲಿ ಕೈಕೊಡುತ್ತವೆ. ಇಂದಿನ ಸಾಮಾನ್ಯ ಟಯರುಗಳಲ್ಲಿ ಓರೆಯಾದ ಆಳದ ಕಾಲುವೆಗಳಿದ್ದು ನೀರನ್ನು ಪಕ್ಕಕ್ಕೆ ತಳ್ಳುತ್ತವೆ. ಮೂರನೆಯದು ಬಿಡಿಬಿಡಿ ದಿಮ್ಮಿಗಳಿರುವ ಬಟನ್ ಟಯರು. ಹಿಮಾಲಯನ್, ಎಕ್ಸ್‌ಪಲ್ಸ್‌ನಂಥ ಬೈಕುಗಳು ಬಂದ ಮೇಲೆ ಇದರ ಸೊಬಗು ಸಾಮಾನ್ಯ ಬೈಕಿನವರ ಕಣ್ಣಿಗೂ ಬಿದ್ದಿದೆ.

ಬಟನ್ ಟಯರಿನ ಗುಣ ಕೆಸರಿನದು. ದಿಮ್ಮಿಗಳು ಮಣ್ಣಿಗೆ ನಾಟಿ ಎಳೆಯುತ್ತವೆ, ನಡುವಿನ ಅಗಲ ಸಂದಿನಿಂದ ಕೆಸರು ತಾನೇ ಸಿಡಿದು ಹೋಗುತ್ತದೆ. ಅದೇ ಟಯರು ಒದ್ದೆ ಡಾಮರಿನ ಮೇಲೆ ಬಂದಾಗ ನೆಲಕ್ಕೆ ತಾಗುವ ರಬ್ಬರು ಕಡಿಮೆ, ವಾಲಿದಾಗ ದಿಮ್ಮಿಗಳು ಬಾಗಿ ಹಿಡಿತ ಸಡಿಲ. ಶಿರಾಡಿ ಘಾಟಿಯ ಕಾಂಕ್ರೀಟಿನಲ್ಲಿ ಅಥವಾ ಬಿಸಿಲೆ ಘಾಟಿಯ ತಿರುವುಗಳಲ್ಲಿ ಮಳೆ ಬರುವಾಗ ಇದು ಅನುಭವಕ್ಕೆ ಬರುತ್ತದೆ. ತೋಟದ ಮನೆಗೆ ಕಾಲು ಕಿಲೋಮೀಟರ್ ಕೆಸರು, ಆಮೇಲೆ ಪುತ್ತೂರಿಗೆ ದಿನವೂ ಡಾಮರು ಎನ್ನುವವನು ಆ ಕಾಲು ಕಿಲೋಮೀಟರಿಗಾಗಿ ಬಟನ್ ಹಾಕಿಕೊಂಡರೆ ಲೆಕ್ಕ ತಪ್ಪಿದಂತೆ. ಆ ದಾರಿಗೆ ನಾಲ್ಕು ಲೋಡು ಚರಳು ಹಾಕಿಸುವುದು ಲೇಸು. ದಿನವಿಡೀ ಗುಡ್ಡದ ಮಣ್ಣಿನ ದಾರಿಯಲ್ಲೇ ಓಡುವ ಬೈಕಿಗೆ ಬಟನ್ನೇ ಸರಿ. ನಡುವಿನವರಿಗೆ ಹತ್ತಿರ ಹತ್ತಿರ ದಿಮ್ಮಿಗಳಿರುವ, ನಡುಪಟ್ಟಿ ಕೂಡಿಕೊಂಡಿರುವ, ಎರಡೂ ಬಗೆಯ ನೆಲಕ್ಕಾಗುವ ಟಯರು ಹಿಂದಕ್ಕೆ, ಸಾಮಾನ್ಯ ಮಳೆಗಾಲದ ಟಯರು ಮುಂದಕ್ಕೆ ಒಪ್ಪುತ್ತದೆ.

ಟ್ಯೂಬು, ಗಾಳಿ, ಕಾಲ

ಅಲಾಯ್ ಚಕ್ರದ ಬೈಕುಗಳಿಗೆ ಟ್ಯೂಬ್‌ಲೆಸ್ ಟಯರು ಬಂದ ಮೇಲೆ ರಾತ್ರಿ ದಾರಿಯಲ್ಲಿ ನಿಲ್ಲುವ ಗೋಳು ಕಡಿಮೆಯಾಯಿತು. ಮೊಳೆ ಹೊಕ್ಕರೂ ಗಾಳಿ ನಿಧಾನಕ್ಕೆ ಇಳಿಯುತ್ತದೆ. ಬತ್ತಿ ತುರುಕುವ ಕಿಟ್ಟೂ ಸಣ್ಣ ಪಂಪೂ ಇದ್ದರೆ ಚಕ್ರ ಬಿಚ್ಚದೆ ಮನೆ ಸೇರಬಹುದು. ಕಡ್ಡಿ ಚಕ್ರಕ್ಕೆ ಸಾಮಾನ್ಯವಾಗಿ ಟ್ಯೂಬೇ ಗತಿ, ಕಡ್ಡಿ ಕೂರುವ ತೂತುಗಳಲ್ಲಿ ಗಾಳಿ ನಿಲ್ಲದು. ಟ್ಯೂಬ್‌ಲೆಸ್ ಟಯರಿಗೆ ಟ್ಯೂಬ್ ಹಾಕಿ ಓಡಿಸುವವರಿದ್ದಾರೆ. ಹಾಗೆ ಮಾಡಿದರೆ ಮೊಳೆ ಹೊಕ್ಕಾಗ ಗಾಳಿ ಒಮ್ಮೆಲೇ ಹೋಗುವ ಹಳೆಯ ಅಪಾಯ ಮರಳಿ ಬರುತ್ತದೆ.

ಮಳೆಗಾಲದಲ್ಲಿ ಗಾಳಿ ಇಳಿಸಿದರೆ ಹಿಡಿತ ಹೆಚ್ಚುತ್ತದೆಂಬ ಮಾತು ಕೆಸರಿಗೆ ನಿಜ, ಡಾಮರಿಗೆ ಸುಳ್ಳು. ಗಾಳಿ ಕಡಿಮೆಯಾದ ಟಯರಿನ ಗೆರೆಗಳು ಮುಚ್ಚಿಕೊಳ್ಳುತ್ತವೆ, ನೀರು ಹೊರಹೋಗುವುದಿಲ್ಲ. ಎಷ್ಟು ಗಾಳಿ ಬೇಕೆಂಬುದು ಸಾಮಾನ್ಯವಾಗಿ ಚೈನ್ ಕವರಿನ ಹತ್ತಿರದ ಚೀಟಿಯಲ್ಲಿರುತ್ತದೆ, ಒಬ್ಬರಿಗೊಂದು ಇಬ್ಬರಿಗೊಂದು. ಟಯರು ತಣ್ಣಗಿರುವಾಗ, ಬೆಳಿಗ್ಗೆ, ಅಳೆಯಬೇಕು. ಹೊರೆ ಹೇರುವ ದಿನ ಹಿಂದಿನದಕ್ಕೆ ಇಬ್ಬರ ಲೆಕ್ಕದ ಗಾಳಿಯೇ ಬೇಕು.

ಕೇಂದ್ರ ಮೋಟಾರು ವಾಹನ ನಿಯಮಗಳ 94ನೇ ನಿಯಮದಂತೆ ದ್ವಿಚಕ್ರ ಟಯರಿನ ಗೆರೆಯ ಆಳ 0.8 ಮಿ.ಮೀ.ಗಿಂತ ಕಡಿಮೆಯಾಗಬಾರದು. ಗೆರೆಗಳ ತಳದಲ್ಲಿ ಅಲ್ಲಲ್ಲಿರುವ ಸಣ್ಣ ಉಬ್ಬುಗಳು ಸವೆತದ ಗುರುತು. ಮೇಲ್ಮೈ ಅವುಗಳ ಮಟ್ಟಕ್ಕೆ ಇಳಿದರೆ ಟಯರು ಮುಗಿಯಿತು. ಇದು ಇಡೀ ದೇಶಕ್ಕೆ ಮಾಡಿದ ಕಾನೂನು. ಸುಬ್ರಹ್ಮಣ್ಯದ ಮಳೆಗೆ 2 ಮಿ.ಮೀ. ಉಳಿದಿರುವಾಗಲೇ ಬದಲಿಸುವುದು ಮೇಲು. ಗೆರೆ ಉಳಿದಿದ್ದರೂ ಐದಾರು ವರ್ಷ ದಾಟಿ ಪಕ್ಕದಲ್ಲಿ ಬಿರುಕು ಕಂಡರೆ ಬೋಳಾದ ಟಯರಿನಷ್ಟೇ ಅದಕ್ಕೂ ಬೆಲೆ. ಹಳೆಯ ಬೈಕುಗಳ ಮುಂದಿನ ಟಯರು ಹೆಚ್ಚಾಗಿ ಈ ಜಾತಿಗೆ ಸೇರಿದ್ದು. ಹಿಂದಿನದು ಎರಡು ಬಾರಿ ಬದಲಾಗಿದ್ದರೂ ಅದನ್ನು ಯಾರೂ ಮುಟ್ಟಿರುವುದಿಲ್ಲ.

ಬದಲಿಸುವ ಕಾಲಕ್ಕೂ ಅರ್ಥವಿದೆ. ಹೊಸ ಟಯರಿನ ಮೈ ನಯವಾಗಿರುತ್ತದೆ, ಮೊದಲ ನೂರು–ನೂರೈವತ್ತು ಕಿಲೋಮೀಟರ್ ಅದು ಪೂರ್ತಿ ಹಿಡಿಯುವುದಿಲ್ಲ. ಮಳೆ ಹಿಡಿದು ಬೈಕು ಒಮ್ಮೆ ಜಾರಿದ ಮೇಲೆ ಅಂಗಡಿಗೆ ಓಡುವವರು ನಯವಾದ ಟಯರನ್ನು ನೇರ ಒದ್ದೆ ರಸ್ತೆಗೆ ಇಳಿಸುತ್ತಾರೆ. ಮೇ ಕೊನೆಯಲ್ಲಿ ಬರುವ ಪತ್ತನಾಜೆಯ ದಿನಕ್ಕೆ ಭೂತಾರಾಧನೆಯ ಕೋಲ, ನೇಮಗಳು ನಿಂತು ಮಳೆಗಾಲದ ತಯಾರಿ ಶುರುವಾಗುತ್ತದೆ. ಸೌದೆ ಒಳಗಾಗುತ್ತದೆ, ಅಡಿಕೆಗೆ ಮದ್ದು ಬಿಡಲು ಪಂಪು ಹೊರಬರುತ್ತದೆ. ಟಯರು ಅದಕ್ಕಿಂತ ಎರಡು ವಾರ ಮೊದಲೇ ಬದಲಾಗಿದ್ದರೆ ಒಣ ರಸ್ತೆಯಲ್ಲಿ ಓಡಿ ಅದರ ನಯ ಹೋಗಿರುತ್ತದೆ.

ಬಿಚ್ಚಿಹಾಕಿದ ಹಳೆಯ ಟಯರನ್ನು ಕೊಟ್ಟಿಗೆಯ ಹಿಂದೆ ಎಸೆಯುವುದು ವಾಡಿಕೆ. ಅದರೊಳಗೆ ನಿಂತ ಮಳೆನೀರು ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವ ಜಾಗ. ಟಯರು ತಯಾರಕರು ಹಳೆಯ ಟಯರುಗಳ ಮರುಬಳಕೆಯ ಹೊಣೆ ಹೊರಬೇಕೆಂಬ ನಿಯಮ 2022ರಲ್ಲಿ ಬಂದಿದೆ. ಹೊಸದನ್ನು ಹಾಕಿಸಿದ ಅಂಗಡಿಯಲ್ಲೇ ಹಳೆಯದನ್ನು ಬಿಟ್ಟು ಬರಬಹುದು, ಅಥವಾ ಗುಜರಿಗೆ ಕೊಡಬಹುದು. ಮನೆಯಲ್ಲೇ ಇಡುವುದಿದ್ದರೆ ಮಾಡಿನಡಿ ತೂಗುಹಾಕಬೇಕು, ಇಲ್ಲವೇ ತಳದಲ್ಲಿ ನೀರಿಳಿಯಲು ತೂತು ಕೊರೆದಿರಬೇಕು.